ಒಸಾಕಾದಲ್ಲಿ ‘ಅದು’ ಆದ ವಾರ

ಅಕ್ಟೋಬರ್ 30, 2023, ಸೋಮವಾರ

ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಿ ಕನ್ಸಾಯ್ ನಿಲ್ದಾಣದಲ್ಲಿ ಇಳಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, “ಚಟ್ನಿಪುಡಿ ಡಬ್ಬಿ ಮುಚ್ಚಳ ಗಟ್ಟಿಯಾಗಿದೆ ತಾನೆ?” ಗಟ್ಟಿಯಾಗೇ ಇತ್ತು.

ನಾವು ಹೋಗಿದ್ದು ತಮ್ಮನ ಮನೆಗೆ. ಒಸಾಕಾ ಮತ್ತು ಕೋಬೆ ನಡುವೆ ನಿಶಿನೊಮಿಯಾ ಅಂತ ಊರಿದೆ, ಅಲ್ಲಿ ಅವನ ವಾಸ. ಅಮ್ಮನಿಗೆ ಮೊಮ್ಮಗಳನ್ನು ನೋಡಬೇಕಿತ್ತು. ನನಗೆ ಕ್ಯೋಟೋದ ಕೆಂಪು ಎಲೆ ನೋಡಬೇಕಿತ್ತು. ಬೇಸ್‌ಬಾಲ್ ಯಾರ ತಲೆಯಲ್ಲೂ ಇರಲಿಲ್ಲ.

ಬಸ್ಸಿಳಿದು ಮನೆಗೆ ನಡೆಯುತ್ತಿದ್ದಾಗ ನೋಡಿದೆ, ಬೀದಿಯೆಲ್ಲ ಹಳದಿ-ಕಪ್ಪು. ತರಕಾರಿ ಅಂಗಡಿ, ಔಷಧಿ ಅಂಗಡಿ, ಸಲೂನು, ಎಲ್ಲದರ ಮುಂದೆ ಹುಲಿ. ಹುಲಿಯ ಕೆಳಗೆ ಇಂಗ್ಲಿಷಿನ ಮೂರು ಅಕ್ಷರ: ಎ, ಆರ್, ಇ. ಅಮ್ಮ ಕೂಡಿಸಿ ಓದಿದಳು, “ಅರೆ. ಅರೆ ಅಂದ್ರೆ ಅರ್ಧ ಅಲ್ವೇನೋ? ಏನು ಅರ್ಧ ಆಗಿದೆ ಇವರದ್ದು?”

ತಮ್ಮ ಸೂಟ್‌ಕೇಸು ಎಳೆಯುವುದು ಬಿಟ್ಟು ನಗುತ್ತಾ ನಿಂತ. ಜಪಾನಿ ಭಾಷೆಯಲ್ಲಿ ‘ಅರೆ’ ಅಂದರೆ ‘ಅದು’. ಇಲ್ಲಿನ ಬೇಸ್‌ಬಾಲ್ ತಂಡ ಹನ್ಶಿನ್ ಟೈಗರ್ಸ್. ಅದರ ಮ್ಯಾನೇಜರ್ ಅಕಿನೊಬು ಒಕಾಡಾ ‘ಚಾಂಪಿಯನ್ ಪಟ್ಟ’ ಅನ್ನುವ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹುಡುಗರ ಕೈಕಾಲು ಕಟ್ಟಿಹೋಗುತ್ತೆ ಅಂತ ‘ಅದು’ ಅನ್ನುತ್ತಾರೆ. ‘ಈ ವರ್ಷ ಅದು ಆಗಬೇಕು.’ ಅಷ್ಟೇ. ಹಿಂದೆ ಓರಿಕ್ಸ್ ತಂಡವನ್ನು ನಡೆಸುತ್ತಿದ್ದಾಗಲೇ ಈ ರೂಢಿ ಇತ್ತಂತೆ. ಈ ವರ್ಷ ಅದೇ ಮೂರಕ್ಷರಕ್ಕೆ ಮೂರು ಇಂಗ್ಲಿಷ್ ಪದ ಹೊಂದಿಸಿ ತಂಡದ ಘೋಷಣೆ ಮಾಡಿಬಿಟ್ಟಿದ್ದಾರೆ. ಸೆಪ್ಟೆಂಬರ್ 14ರಂದು ಸೆಂಟ್ರಲ್ ಲೀಗ್ ಗೆದ್ದರು, 18 ವರ್ಷಗಳ ಮೇಲೆ. ಅಲ್ಲಿಗೆ ‘ಅದು’ ಆಯಿತು. ಉಳಿದಿರುವುದು ಜಪಾನ್ ಸರಣಿ. ಅದಕ್ಕೆ ಈಗಿನ ಹೆಸರು ‘ಅದರ ಅದು’.

ಅಂದರೆ ಅಮ್ಮ ಓದಿದ್ದು ಸರಿಯಾಗೇ ಇತ್ತು. ಅರ್ಧ ಆಗಿತ್ತು.

ಲೆಕ್ಕ ಸುಲಭ. ಎರಡು ಲೀಗ್, ಒಂದೊಂದರಲ್ಲಿ ಆರು ತಂಡ. ಮೊದಲ ಮೂರು ತಂಡಗಳು ನಮ್ಮ ಐಪಿಎಲ್ ಪ್ಲೇಆಫ್ ಥರ ಆಡುತ್ತವೆ, ಆಮೇಲೆ ಎರಡೂ ಕಡೆ ಗೆದ್ದವರು ಜಪಾನ್ ಸರಣಿಯಲ್ಲಿ ಎದುರಾಗುತ್ತಾರೆ. ಏಳರಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಪಟ್ಟ. ಹನ್ಶಿನ್ ಇದನ್ನು ಗೆದ್ದಿದ್ದು ಒಂದೇ ಸಲ, 1985ರಲ್ಲಿ. ಎದುರಾಳಿ ಇದೇ ಒಸಾಕಾದ ಓರಿಕ್ಸ್ ಬಫಲೋಸ್, ಹೋದ ವರ್ಷದ ಚಾಂಪಿಯನ್. ಮೊದಲ ಪಂದ್ಯ ಹನ್ಶಿನ್ 8–0, ಎರಡನೆಯದು ಓರಿಕ್ಸ್ 8–0. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡ ಹಾಗೆ.

ರಾತ್ರಿ ಅನ್ನ-ಸಾರು ಉಣ್ಣುತ್ತಾ ಅಮ್ಮ ತೀರ್ಪು ಕೊಟ್ಟಳು. “ಆ ಮನುಷ್ಯ ಮಾಡ್ತಿರೋದು ಸರಿ. ನಾವು ರಾತ್ರಿ ಹೊತ್ತು ಹಾವು ಅಂತೀವಾ? ಹುಳ ಅಂತೀವಿ. ನಿಮ್ಮಪ್ಪನ ಹೆಸರು ನಾನು ಮದುವೇಲಿ ಒಡಪು ಹಾಕಿ ಹೇಳಿದ್ದೇ ಕೊನೆ.” ಹದಿನಾರು ವರ್ಷದಿಂದ ‘ಈ ಸಲ ಕಪ್ ನಮ್ದೇ’ ಅಂತ ಗಂಟಲು ಹರಿದುಕೊಂಡು, ಒಮ್ಮೆಯೂ ಕಪ್ ನೋಡದ ಆರ್‌ಸಿಬಿ ಅಭಿಮಾನಿ ನಾನು. ಆ ಮಾತಿಗೆ ತುತ್ತು ಗಂಟಲಲ್ಲೇ ನಿಂತಿತು.

ಅಕ್ಟೋಬರ್ 31, ಮಂಗಳವಾರ

ತಮ್ಮನಿಗೆ ಆಫೀಸು. ನಾನು, ಅಮ್ಮ ಇಬ್ಬರೇ ಒಸಾಕಾದ ನಂಬಾ ಕಡೆ ಹೊರಟೆವು. ಹೊರಟಿದ್ದು ನಂಬಾಕ್ಕೆ, ತಲುಪಿದ್ದು ಉಮೆದಾಕ್ಕೆ. ಹನ್ಶಿನ್ ರೈಲು ಅಮಗಸಾಕಿಯಲ್ಲಿ ಎರಡಾಗಿ ಕವಲೊಡೆಯುತ್ತೆ. ಬೋರ್ಡಿನಲ್ಲಿ ನಂಬಾ ಅಂತ ಇದ್ದರೆ ಮಾತ್ರ ಹತ್ತಬೇಕು, ಇಲ್ಲವಾದರೆ ಅಮಗಸಾಕಿಯಲ್ಲಿ ಇಳಿದು ಬದಲಿಸಬೇಕು. ನಾನು ಕಿಟಕಿಯಲ್ಲಿ ಮನೆಗಳ ಹೆಂಚು ನೋಡುತ್ತಾ ಕೂತಿದ್ದೆ. ಉಮೆದಾದಲ್ಲಿ ನೆಲದಡಿಯ ದಾರಿಗಳಲ್ಲಿ ಮುಕ್ಕಾಲು ಗಂಟೆ ಸುತ್ತಿದೆವು. ಒಂದೇ ಬೇಕರಿ ಮುಂದೆ ಮೂರು ಸಲ ಹಾದೆವು. ಮೂರನೇ ಸಲ ಬೇಕರಿಯ ಹುಡುಗಿ ತಾನೇ ಹೊರಗೆ ಬಂದು ಮೆಟ್ರೋ ಮೆಟ್ಟಿಲ ತನಕ ಬಿಟ್ಟು ಹೋದಳು.

ನಂಬಾ ಪಾರ್ಕ್ಸ್ ಅನ್ನುವ ದೊಡ್ಡ ಮಾಲ್ ಇದೆ, ಮಹಡಿ ಮಹಡಿಗೂ ತೋಟ. ಅಲ್ಲಿನ ಕಲ್ಲು ಹಾಸಿನ ಮೇಲೆ ಹೋಮ್ ಬೇಸಿನ, ಅಂದರೆ ಬ್ಯಾಟರ್ ನಿಲ್ಲುವ ಜಾಗದ, ಐದು ಮೂಲೆಯ ಗುರುತಿದೆ. ಹಿಂದೆ ಅದೇ ಜಾಗದಲ್ಲಿ ನಂಕಾಯ್ ತಂಡದ ಕ್ರೀಡಾಂಗಣ ಇತ್ತು. ಜಪಾನ್ ಸರಣಿಯಲ್ಲಿ ಈ ಸೀಮೆಯ ಎರಡೂ ತಂಡ ಎದುರಾಗಿದ್ದು ಇದಕ್ಕೆ ಮೊದಲು 1964ರಲ್ಲಿ, ಹನ್ಶಿನ್ ಮತ್ತು ನಂಕಾಯ್. ಆಗ ಏಳನೇ ಪಂದ್ಯದ ತನಕ ಹೋಗಿ ಹನ್ಶಿನ್ ಸೋತಿತ್ತು. ಗುರುತಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡೆ. ಶಾಪಿಂಗ್ ಚೀಲ ಹಿಡಿದವರು ನನ್ನನ್ನು ಸುತ್ತುಬಳಸಿ ನಡೆದರು. ಆ ಗುರುತು ಯಾರಿಗೂ ಬೇಕಿದ್ದ ಹಾಗೆ ಕಾಣಲಿಲ್ಲ.

ಅಲ್ಲಿಂದ ದೋತೊಂಬೊರಿ ಕಾಲುವೆಗೆ ಸ್ವಲ್ಪ ದೂರ ನಡಿಗೆ. ಎಬಿಸು ಸೇತುವೆ ಮೇಲೆ ನಿಂತರೆ, ಎರಡೂ ಕೈ ಎತ್ತಿ ಓಡುವ ಗ್ಲಿಕೋ ಮನುಷ್ಯನ ದೀಪದ ಬೋರ್ಡು. ಟೈಗರ್ಸ್ ಗೆದ್ದಾಗ ಜನ ಧುಮುಕುವುದು ಇಲ್ಲೇ. 1985ರಲ್ಲಿ ಲೀಗ್ ಗೆದ್ದ ರಾತ್ರಿ, ಒಬ್ಬೊಬ್ಬ ಆಟಗಾರನ ಹೆಸರು ಕೂಗಿ ಅವನ ಹೋಲಿಕೆ ಇರುವವನನ್ನು ನೀರಿಗೆ ಬೀಳಿಸಿದರಂತೆ. ಅಮೆರಿಕದ ರ‍್ಯಾಂಡಿ ಬಾಸ್ ಹೆಸರು ಬಂದಾಗ ಗಡ್ಡದ ವಿದೇಶಿ ಯಾರೂ ಸಿಗಲಿಲ್ಲ. ಪಕ್ಕದ ಕೆಎಫ್‌ಸಿ ಅಂಗಡಿ ಮುಂದಿನ ಕರ್ನಲ್ ಸ್ಯಾಂಡರ್ಸ್ ಗೊಂಬೆಯನ್ನೇ ಎತ್ತಿ ಹಾಕಿದರು. ಅದೇ ವರ್ಷ ಜಪಾನ್ ಸರಣಿಯನ್ನೂ ಗೆದ್ದರು. ಆಮೇಲೆ ಶುರುವಾಯಿತು ನೋಡಿ. ವರ್ಷಗಟ್ಟಲೆ ಸೋಲು. ಕರ್ನಲ್ ಶಾಪ ಅಂತ ಹೆಸರೇ ಬಂತು. 2009ರಲ್ಲಿ ಕೆಸರಿನಿಂದ ಗೊಂಬೆ ಸಿಕ್ಕಿತು, ಕನ್ನಡಕ ಮತ್ತು ಎಡಗೈ ಇರಲಿಲ್ಲ. ಶಾಪ ಮಾತ್ರ ಹೋಗಲಿಲ್ಲ.

ಅಮ್ಮ ಕಂಬಿ ಹಿಡಿದು ಬಗ್ಗಿ ನೋಡಿದಳು. ನೀರು ಹಸಿರು-ಕಪ್ಪು. “ಇದರೊಳಗೆ ಹಾರ್ತಾರಾ? ನಮ್ಮೂರ ಕೆರೆ ಎಷ್ಟೋ ವಾಸಿ.”

ಸಂಜೆ ತಮ್ಮ ತನ್ನ ಬೀದಿಯ ಒಕೊನೊಮಿಯಾಕಿ ಅಂಗಡಿಗೆ ಕರೆದುಕೊಂಡು ಹೋದ. ಎಂಟು ಜನ ಕೂರುವ ಜಾಗ, ಉದ್ದನೆಯ ಕಾವಲಿ, ಮೂಲೆಯಲ್ಲಿ ಟೀವಿ. ಎಲೆಕೋಸು ಹೆಚ್ಚಿ, ಹಿಟ್ಟಿನಲ್ಲಿ ಕಲಸಿ, ದಪ್ಪಗೆ ತಟ್ಟಿ ಬೇಯಿಸುವ ತಿಂಡಿ. ಸಮಸ್ಯೆ ಏನೆಂದರೆ ಹಿಟ್ಟಿಗೇ ಮೀನಿನ ಸಾರು ಹಾಕಿ ಕಲಸಿರುತ್ತಾರೆ, ಮೇಲೆ ಒಣಮೀನಿನ ಸಿಪ್ಪೆ ಉದುರಿಸುತ್ತಾರೆ. ‘ಕತ್ಸುವೊ ನುಕಿ’ ಅಂದರೆ ಮೇಲಿನದು ತಪ್ಪುತ್ತೆ, ಒಳಗಿನದು ತಪ್ಪುವುದಿಲ್ಲ. ಅಮ್ಮ ಮೀನು, ಮೊಟ್ಟೆ ಯಾವುದನ್ನೂ ಮುಟ್ಟುವವಳಲ್ಲ. ತಮ್ಮ ವಿವರಿಸಿದ. ಅಂಗಡಿ ಯಜಮಾನ ಅರವತ್ತು ದಾಟಿದ ಸಣಕಲು ಮನುಷ್ಯ. ಹೂಂ ಅಂತ ಬೇರೆ ಬಟ್ಟಲು ತಂದ, ಬರೀ ಮೈದಾ, ನೀರು, ಉಪ್ಪು ಕಲಸಿದ. ಕಾವಲಿಯ ಒಂದು ಮೂಲೆಯನ್ನು ಉಜ್ಜಿ ಉಜ್ಜಿ ತೊಳೆದ. ಆ ಮೂಲೆ ಅಮ್ಮನದು ಅಂತ ಬೆರಳಿನಿಂದ ಗೆರೆ ಎಳೆದು ತೋರಿಸಿದ.

ಬಂದಿದ್ದು ಹೆಚ್ಚುಕಡಿಮೆ ಎಲೆಕೋಸಿನ ರೊಟ್ಟಿ. ಅಮ್ಮ ಮುರಿದು ತಿಂದಳು, ಎರಡು ನಿಮಿಷ ಸುಮ್ಮನಿದ್ದಳು, ಆಮೇಲೆ ಚೀಲದಿಂದ ಶೇಂಗಾ ಚಟ್ನಿಪುಡಿ ಡಬ್ಬಿ ತೆಗೆದಳು. ನನಗೆ ನಾಚಿಕೆಯಾಯಿತು. ಯಜಮಾನ ಕೈ ಚಾಚಿದ. ಅಂಗೈಗೆ ಒಂದು ಚಿಟಿಕೆ ಹಾಕಿಸಿಕೊಂಡು ನೆಕ್ಕಿದ, ಕೆಮ್ಮಿದ, ಕಣ್ಣೊರೆಸಿಕೊಂಡ, ಮತ್ತೆ ಕೈ ಚಾಚಿದ.

ಟೀವಿಯಲ್ಲಿ ಮೂರನೇ ಪಂದ್ಯ. ಕೊನೆಯ, ಒಂಬತ್ತನೇ ಇನ್ನಿಂಗ್ಸ್, 5–4ರಲ್ಲಿ ಓರಿಕ್ಸ್ ಮುಂದೆ, ಹನ್ಶಿನ್ನಿನ ಇಬ್ಬರು ಬೇಸ್ ಮೇಲೆ (ಎಲ್ಲ ಬೇಸ್ ಸುತ್ತಿ ಬಂದರೆ ಒಂದು ರನ್). ಬ್ಯಾಟ್ ಹಿಡಿದಿದ್ದು ಯೂಸುಕೆ ಓಯಾಮಾ, ನಾಲ್ಕನೇ ಕ್ರಮಾಂಕದವನು, ಅಂದರೆ ತಂಡ ನೆಚ್ಚಿಕೊಂಡ ಹೊಡೆತಗಾರ. ಬೀಸಿದ. ತಪ್ಪಿತು. ಪಂದ್ಯ ಮುಗಿಯಿತು. ಯಜಮಾನ ಟೀವಿ ಆರಿಸಿ ಕಾವಲಿ ಉಜ್ಜತೊಡಗಿದ.

ನವೆಂಬರ್ 1, ಬುಧವಾರ

ಕರ್ನಾಟಕ ಅಂತ ಹೆಸರಾಗಿ 50 ವರ್ಷ ತುಂಬಿದ ರಾಜ್ಯೋತ್ಸವ. ಬೆಳಿಗ್ಗೆ ಗೋಡೆಗೆ ಚಿಕ್ಕ ಬಾವುಟ ಅಂಟಿಸಿ, ಮೊಮ್ಮಗಳ ಕೈಯಲ್ಲಿ ನಾಡಗೀತೆಯ ಎರಡು ಸಾಲು ಹೇಳಿಸಿ, ಕೇಸರಿಬಾತು ತಿಂದೆವು. ಹತ್ತು ಗಂಟೆಗೆ ತಮ್ಮನ ಫೋನು. ಅವನ ಆಫೀಸಿನ ಹಿರಿಯರೊಬ್ಬರ ಹತ್ತಿರ ಸಂಜೆಯ ಪಂದ್ಯಕ್ಕೆ ಎರಡು ಟಿಕೆಟ್ ಇದೆ, ಅವರ ಹೆಂಡತಿಗೆ ಜ್ವರ. “ಅಣ್ಣ, ನೀನು ಹೋಗ್ತೀಯಾ?”

ಈ ಟಿಕೆಟ್ ಲಾಟರಿಯಲ್ಲಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಜಾಸ್ತಿ ಬೆಲೆಗೆ ಮಾರುವುದನ್ನೇ ಕಸುಬು ಮಾಡಿಕೊಂಡರೆ 2019ರ ಕಾನೂನಿನಲ್ಲಿ ಅಪರಾಧ. ನನ್ನ ಪುಣ್ಯ, ಅವರು ಅಸಲು ಬೆಲೆಯನ್ನೂ ತೆಗೆದುಕೊಳ್ಳಲಿಲ್ಲ. ಮೈಸೂರು ಪಾಕಿನ ಡಬ್ಬಿ ಕೊಟ್ಟೆ.

ಹಾಕಿಕೊಳ್ಳಲು ಹಳದಿ ಬಟ್ಟೆ ಇರಲಿಲ್ಲ. ಇದ್ದಿದ್ದು ಬೆಳಗಿನ ಹಳದಿ-ಕೆಂಪು ಶಾಲು. ಅದನ್ನೇ ಹೆಗಲಿಗೆ ಹಾಕಿಕೊಂಡು ಹೋದೆ. ಕೋಶಿಯೆನ್ ನಿಲ್ದಾಣದಲ್ಲಿ ಇಳಿದರೆ ದಾರಿ ಕೇಳುವ ಹಾಗೇ ಇಲ್ಲ, ಜನ ನಮ್ಮನ್ನು ಎತ್ತಿಕೊಂಡು ಹೋಗುತ್ತಾರೆ. ಬರುವಾಗಲೇ ರೈಲು ಕಾರ್ಡಿಗೆ ವಾಪಸ್ಸಿನ ದುಡ್ಡೂ ಹಾಕಿಸಿಕೊಂಡು ಬನ್ನಿ. ಪಂದ್ಯ ಮುಗಿದ ಮೇಲೆ ಯಂತ್ರದ ಮುಂದಿನ ಸಾಲು ನೋಡಿದರೆ ಅಲ್ಲೇ ಮಲಗೋಣ ಅನಿಸುತ್ತೆ. ಗೇಟಿನಲ್ಲಿ ಬಾಟಲಿ ಬಿಡಲಿಲ್ಲ, ಕಾಗದದ ಲೋಟಕ್ಕೆ ಸುರಿದುಕೊಂಡು ಒಳಗೆ ಹೋದೆ.

ಕೋಶಿಯೆನ್ 1924ರ ಕ್ರೀಡಾಂಗಣ. ಹೊರಗೋಡೆಗೆ ಬಳ್ಳಿ, ಒಳಗೆ ಕಪ್ಪು ಮಣ್ಣು. ನಮ್ಮ ಎರೆಮಣ್ಣಿನಂಥ ಕಪ್ಪು. ಬೇಸಿಗೆಯಲ್ಲಿ ಇಲ್ಲಿ ಹೈಸ್ಕೂಲು ಹುಡುಗರ ರಾಷ್ಟ್ರಮಟ್ಟದ ಪಂದ್ಯಾವಳಿ ನಡೆಯುತ್ತೆ. ಸೋತ ಹುಡುಗರು ಅಳುತ್ತಾ ಈ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಊರಿಗೆ ಒಯ್ಯುತ್ತಾರೆ. ಸಂಜೆಯಾದರೆ ಸಮುದ್ರದ ಕಡೆಯಿಂದ ಗಾಳಿ, ಅದಕ್ಕೂ ಒಂದು ಹೆಸರಿದೆ, ‘ಹಮಕಜೆ’. ಬಲದಿಂದ ಎಡಕ್ಕೆ ಬೀಸುತ್ತೆ. ಬಲಗಡೆಗೆ ಎತ್ತಿ ಹೊಡೆಯುವ ಎಡಗೈ ಬ್ಯಾಟರ್‌ಗಳಿಗೆ ಅದು ಶತ್ರು. ನಮ್ಮ ಜಾಗ ‘ಆಲ್ಪ್ಸ್’ ಅನ್ನುವ ಕಡಿದಾದ ಮೆಟ್ಟಿಲುಗಳಲ್ಲಿ. ಬೆನ್ನಿಗೆ ಬಿಯರ್ ಪೀಪಾಯಿ ಕಟ್ಟಿಕೊಂಡ ಹುಡುಗಿಯರು ಆ ಮೆಟ್ಟಿಲನ್ನು ಓಡುತ್ತಲೇ ಹತ್ತುತ್ತಿದ್ದರು. ನೋಡಿ ನನಗೇ ಏದುಸಿರು ಬಂತು.

ಪಕ್ಕದಲ್ಲಿದ್ದ ಅಜ್ಜಿ ನನ್ನ ಶಾಲನ್ನು ಮುಟ್ಟಿ ನೋಡಿದರು. ಹಳದಿ ಸರಿ, ಕೆಂಪು ಯಾಕೆ ಅಂತ ಅನುಮಾನ. ಕೆಂಪು ಹಿರೋಶಿಮಾ ತಂಡದ ಬಣ್ಣ. ಇವತ್ತು ನಮ್ಮ ರಾಜ್ಯದ ಹುಟ್ಟುಹಬ್ಬ, ಇದು ಅದರ ಬಾವುಟದ ಬಣ್ಣ ಅಂತ, ಟಿಕೆಟ್ ಕೊಟ್ಟು ಜೊತೆಗೆ ಬಂದಿದ್ದ ಹಿರಿಯರ ಬಾಯಲ್ಲಿ ಹೇಳಿಸಿದೆ. ಅಜ್ಜಿ ತಲೆ ಬಾಗಿಸಿ ಶುಭಾಶಯ ಹೇಳಿದರು. ಮುಂದಿನ ಸಾಲಿನವರಿಗೂ ಹೇಳಿದರು. ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ನನಗೆ ರಾಜ್ಯೋತ್ಸವದ ಶುಭಾಶಯ ಕೋರಿದ್ದರು.

ಇಲ್ಲಿ ಪ್ರತಿ ಆಟಗಾರನಿಗೂ ಅವನದೇ ಹಾಡು. ತುತ್ತೂರಿ, ಡೋಲು, ಸಾವಿರಾರು ಜನ ಒಂದೇ ದನಿ. ಎದುರು ತಂಡ ಬ್ಯಾಟ್ ಮಾಡುವಾಗ ಇವರು ಸುಮ್ಮನೆ ಕೂತು ಊಟ ಮುಗಿಸುತ್ತಾರೆ. ಆ ಶಿಸ್ತು ನನಗೆ ತುಂಬ ಹಿಡಿಸಿತು. ಹಿಂದೆ ಏಳನೇ ಇನ್ನಿಂಗ್ಸಿನಲ್ಲಿ ಸಾವಿರಾರು ಉದ್ದ ಬಲೂನು ಊದಿ ಹಾರಿಸುತ್ತಿದ್ದರಂತೆ, ಕೊರೊನಾ ಬಂದ ಮೇಲೆ ನಿಂತುಹೋಗಿತ್ತು.

3–1ರಲ್ಲಿ ಹನ್ಶಿನ್ ಮುಂದಿತ್ತು. ಏಳನೇ ಇನ್ನಿಂಗ್ಸಿಗೆ 3–3. ಎಂಟರಲ್ಲಿ ಇಬ್ಬರು ಔಟ್, ಓರಿಕ್ಸಿನವರು ಮೊದಲ ಮತ್ತು ಮೂರನೇ ಬೇಸಿನಲ್ಲಿ. ಆಗ ಒಕಾಡಾ ಪಿಚರನ್ನು, ಅಂದರೆ ಚೆಂಡು ಎಸೆಯುವವನನ್ನು, ಬದಲಿಸಿದರು. ಹೆಸರು ಕೂಗಿದ ಕೂಡಲೇ ಕ್ರೀಡಾಂಗಣ ನಡುಗಿತು. ಅತ್ಸುಕಿ ಯುವಾಸಾ. ಜೂನಿನಿಂದ ಮುಖ್ಯ ತಂಡದಲ್ಲಿ ಒಂದು ಚೆಂಡೂ ಎಸೆಯದ ಹುಡುಗ. ಅಜ್ಜಿ ಅಳತೊಡಗಿದರು, ಅವನು ಇನ್ನೂ ಏನೂ ಮಾಡಿರಲಿಲ್ಲ. ಒಂದೇ ಚೆಂಡು ಎಸೆದ. ಬ್ಯಾಟರ್ ಗಾಳಿಗೆ ಎತ್ತಿದ, ಕ್ಯಾಚು. ಒಂದು ಚೆಂಡು ಎಸೆದವನು ಸಮುದ್ರ ದಾಟಿದವನ ಹಾಗೆ ಓಡಿ ಬಂದ.

ಒಂಬತ್ತನೇ ಇನ್ನಿಂಗ್ಸಿನ ಎರಡನೇ ಅರ್ಧ, ಹನ್ಶಿನ್ ಬ್ಯಾಟಿಂಗ್. ಓರಿಕ್ಸಿನ ಪಿಚರ್ ವಾಗೆಸ್ಪಾಕ್ ಚಿಕಾಮೊಟೊಗೆ ವಾಕ್ ಕೊಟ್ಟ, ಅಂದರೆ ನಾಲ್ಕು ಚೆಂಡು ಗುರಿ ತಪ್ಪಿ (ಅದಕ್ಕೆ ‘ಬಾಲ್’ ಅನ್ನುತ್ತಾರೆ) ಪುಕ್ಕಟೆ ಮೊದಲ ಬೇಸ್ ಬಿಟ್ಟುಕೊಟ್ಟ. ಆಮೇಲೆ ಎರಡು ಚೆಂಡು ಕ್ಯಾಚರ್ ಕೈಗೆ ಸಿಗದೆ ಹಿಂದೆ ಹೋದವು, ಚಿಕಾಮೊಟೊ ನಡೆದುಕೊಂಡ ಹಾಗೆ ಮೂರನೇ ಬೇಸಿಗೆ ಬಂದ. ಮುಂದಿನ ಇಬ್ಬರಿಗೂ ಓರಿಕ್ಸ್ ಬೇಕೆಂದೇ ವಾಕ್ ಕೊಟ್ಟಿತು. ಬೇಸ್‌ಗಳೆಲ್ಲ ಭರ್ತಿ. ಮುಂದಿನವನು ಓಯಾಮಾ, ನಿನ್ನೆ ಕೊನೆಯ ಚೆಂಡು ತಪ್ಪಿಸಿದವನು. ಅಂದರೆ ‘ನಿನ್ನ ಜೊತೆ ಆಡೋದೇ ನಮಗೆ ಸುಲಭ’ ಅಂತ ನಾಲ್ಕನೇ ಕ್ರಮಾಂಕದವನ ಮುಖಕ್ಕೆ ಹೇಳಿದ ಹಾಗೆ. ಮೂರು ಬಾಲ್, ಎರಡು ಸ್ಟ್ರೈಕ್. ಇನ್ನೊಂದು ಬಾಲಿಗೆ ವಾಕ್, ಇನ್ನೊಂದು ಸ್ಟ್ರೈಕಿಗೆ ಔಟ್. ಎಲ್ಲರೂ ಎದ್ದು ನಿಂತಿದ್ದೆವು. ಓಯಾಮಾ ಎಡಗಡೆಗೆ ಹೊಡೆದ, ಚೆಂಡು ಹುಲ್ಲಿನ ಮೇಲೆ ಉರುಳಿ ಹೋಯಿತು. 4–3.

ಮುಂದಿನದು ಸರಿಯಾಗಿ ನೆನಪಿಲ್ಲ. ಅಜ್ಜಿ ನನ್ನ ಶಾಲಿನಲ್ಲಿ ಮುಖ ಒರೆಸಿಕೊಂಡಿದ್ದು ನೆನಪಿದೆ.

ಇಂಥ ಗೆಲುವಿಗೆ ಇಲ್ಲಿ ‘ಸಯೋನಾರಾ’ ಅನ್ನುತ್ತಾರೆ. ಹೊಡೆದ ಕೂಡಲೇ ಎದುರಾಳಿಗೆ ವಿದಾಯ. ಮನೆಗೆ ಬಂದು ಹೇಳಿದರೆ ಅಮ್ಮನಿಗೆ ಅದು ಹಿಡಿಸಲಿಲ್ಲ. “ಹೋಗ್ತೀನಿ ಅನ್ನಬಾರ್ದು ಕಣಪ್ಪ. ಹೋಗಿ ಬರ್ತೀನಿ ಅನ್ನಬೇಕು.”

ನವೆಂಬರ್ 2, ಗುರುವಾರ

ನನ್ನ ದನಿ ಹೋಗಿತ್ತು. ಬೆಳಿಗ್ಗೆ ಹಿರೋತಾ ದೇವಸ್ಥಾನಕ್ಕೆ ಹೋಗಿ ಬಂದೆವು, ಟೈಗರ್ಸ್ ಆಟಗಾರರು ಸೀಸನ್ ಶುರುವಾಗುವ ಮುಂಚೆ ಬಂದು ಕೈಮುಗಿಯುವ ಗುಡಿ. ಹರಕೆಯ ಮರದ ಹಲಗೆಗಳಲ್ಲಿ ಹುಲಿ ಚಿತ್ರವೇ ಜಾಸ್ತಿ. ಸಂಜೆ ಮನೆಯಲ್ಲೇ ಐದನೇ ಪಂದ್ಯ. ಏಳು ಇನ್ನಿಂಗ್ಸ್ ತನಕ ಹನ್ಶಿನ್ ಸೊನ್ನೆ. ಸಾಲದ್ದಕ್ಕೆ ಶೋತಾ ಮೊರಿಶಿತಾ ಅನ್ನುವ ಹೊಸ ಹುಡುಗ ಚೆಂಡು ಬಿಟ್ಟು ಎದುರಾಳಿಗೆ ರನ್ ಕೊಟ್ಟ. ಎಂಟನೇ ಇನ್ನಿಂಗ್ಸಿನಲ್ಲಿ ಅದೇ ಮೊರಿಶಿತಾ ಇಬ್ಬರಿಂದ ರನ್ ತರಿಸುವ ಟ್ರಿಪಲ್ ಹೊಡೆದ, ಒಂದೇ ಹೊಡೆತಕ್ಕೆ ತಾನು ಮೂರನೇ ಬೇಸ್ ತನಕ. ಆರು ರನ್ ಬಂದವು, 6–2. ಸರಣಿ 3–2. ಆಮೇಲೆ ಫೋನಿನಲ್ಲಿ ಕ್ರಿಕೆಟ್ ವಿಶ್ವಕಪ್‌ನ ಮುಂಬೈ ಪಂದ್ಯ ಹಾಕಿದೆವು, ಶ್ರೀಲಂಕಾ 55ಕ್ಕೆ ಆಲೌಟ್. ಒಂದೇ ರಾತ್ರಿ ಇಷ್ಟು ಸುಖ ಒಳ್ಳೆಯದಲ್ಲ ಅಂತ ತಮ್ಮ ಲೈಟು ಆರಿಸಿದ.

ನವೆಂಬರ್ 3, ಶುಕ್ರವಾರ

ಪಂದ್ಯವಿಲ್ಲ, ಜಪಾನಿನಲ್ಲಿ ಸರ್ಕಾರಿ ರಜೆ. ಕ್ಯೋಟೋದಲ್ಲಿ ಎಲೆಗಳು ಇನ್ನೂ ಹಸಿರೇ ಇವೆ, ಈ ವರ್ಷ ಸೆಖೆ ಬಿಟ್ಟಿಲ್ಲ ಅಂದಳು ತಮ್ಮನ ಹೆಂಡತಿ. ನಿಜ, ನವೆಂಬರಿನಲ್ಲಿ ಸ್ವೆಟರು ಕೈಯಲ್ಲಿ ಹಿಡಿದೇ ತಿರುಗಿದೆವು. ಕೋಬೆಯ ಸನ್ನೊಮಿಯಾದಿಂದ ಅವಾಜಿ ದ್ವೀಪಕ್ಕೆ ಬಸ್ಸು ಹತ್ತಿದೆವು. ಅಕಾಶಿ ಸೇತುವೆ ಮೇಲೆ ಹೋಗುವಾಗ ಬಲಗಡೆ, ಎಡಗಡೆ, ಕೆಳಗಡೆ ಸಮುದ್ರವೇ. ಎರಡು ಕಂಬದ ನಡುವೆ 1,991 ಮೀಟರ್ ಅಂತ ತಮ್ಮ ಹೇಳುತ್ತಿದ್ದ. ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು.

ಅವಾಜಿ ಈರುಳ್ಳಿಗೆ ಹೆಸರುವಾಸಿ. ನಮ್ಮದು ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ಕಡೆ. ಈರುಳ್ಳಿ ಬೆಳೆದು, ರೇಟು ಬಿದ್ದಾಗ ರಸ್ತೆಗೆ ಸುರಿದ ಜನ. ಹಾಗಾಗಿ ಅಮ್ಮ ಅಲ್ಲಿಗೆ ಪ್ರವಾಸಿಯಾಗಿ ಹೋಗಲಿಲ್ಲ, ತಪಾಸಣೆಗೆ ಹೋದಳು. ರಸ್ತೆ ಬದಿಯ ಅಂಗಡಿಯಲ್ಲಿ ಒಂದು ಗಡ್ಡೆ ಎತ್ತಿದಳು, ಅದುಮಿದಳು, ಬುಡ ನೋಡಿದಳು. ಸಿಪ್ಪೆ ತೆಳು, ಗಡ್ಡೆ ಚಪ್ಪಟೆ, ಬಣ್ಣ ತಿಳಿ ಕಂದು. ಮಾರುವ ಹೆಂಗಸು ಹಸಿ ಹೋಳು ಕೊಟ್ಟರು. ಅಮ್ಮ ಕಚ್ಚಿದಳು.

“ಇದು ಈರುಳ್ಳೀನಾ? ಸೇಬಾ?”

ಖಾರವೇ ಇಲ್ಲ, ಸಿಹಿ. ಖಾರ ಇಲ್ಲದ ಮೇಲೆ ರೊಟ್ಟಿ ಜೊತೆ ಏನು ಕಡಿಯೋದು ಅಂತ ಅಮ್ಮನ ಚಿಂತೆ. ಒಂದು ಕಿಲೋಗೆ ಎಷ್ಟು ಅಂತ ಕೇಳಿ, ರೂಪಾಯಿಗೆ ಪರಿವರ್ತಿಸಿ ಹೇಳಿದಾಗ ಮಾತ್ರ ಗೌರವದಿಂದ ಗಡ್ಡೆಯನ್ನು ವಾಪಸ್ ಬುಟ್ಟಿಯಲ್ಲಿಟ್ಟಳು.

ಅಂಗಡಿ ಗೋಡೆಯಲ್ಲಿ ಕೋಜಿ ಚಿಕಾಮೊಟೊ ಚಿತ್ರ. ಹನ್ಶಿನ್ನಿನ ಮೊದಲ ಬ್ಯಾಟರ್, ಇದೇ ದ್ವೀಪದ ಹುಡುಗ. 1995ರ ಜನವರಿ 17ರ ಭೂಕಂಪ ಈ ಸೀಮೆಯನ್ನೇ ಮಲಗಿಸಿತು, ಸತ್ತವರು 6,400ಕ್ಕೂ ಹೆಚ್ಚು. ಬಿರುಕು ಬಿಟ್ಟ ನೆಲವನ್ನು ಇಲ್ಲೇ ಒಂದು ಕಟ್ಟಡದೊಳಗೆ ಹಾಗೇ ಉಳಿಸಿ ಇಟ್ಟಿದ್ದಾರೆ. ಆ ದಿನ ಚಿಕಾಮೊಟೊ ಎರಡು ತಿಂಗಳ ಕೂಸು ಅಂದರು ಆಕೆ. ‘ಅದರ ಅದು ಆಗುತ್ತಾ?’ ಅಂತ ತಮ್ಮ ಕೇಳಿದ. ಆಕೆ ಬೆರಳನ್ನು ತುಟಿಗೆ ಒತ್ತಿಕೊಂಡರು.

ವಾಪಸ್ ಬರುವಾಗ ಮೂರು ದಿನದ ರಜೆಯ ಟ್ರಾಫಿಕ್ಕು. ಸೇತುವೆಗೆ ಮುಂಚೆಯೇ ಬಸ್ಸು ನಿಂತುಬಿಟ್ಟಿತು. ಮೊಮ್ಮಗಳಿಗೆ ಹಸಿವು, ಬಸ್ಸಿನಲ್ಲಿ ಏನೂ ಸಿಗದು. ಅಮ್ಮನ ಚೀಲದಲ್ಲಿ ಬೆಳಿಗ್ಗೆ ಕೊಂಡ ಉಮೆಬೋಶಿ ಅನ್ನದ ಉಂಡೆ ಎರಡಿದ್ದವು. ಒಳಗೆ ಹುಳಿ-ಉಪ್ಪಿನ ಒಂದು ಕಾಯಿ ಇರುತ್ತೆ, ನಮ್ಮ ಉಪ್ಪಿನಕಾಯಿ ಅನ್ನದ ಥರ. ಸಸ್ಯಾಹಾರಿಗಳು ಜಪಾನಿನಲ್ಲಿ ಅದನ್ನು ಎರಡು ಜಾಸ್ತಿಯೇ ಇಟ್ಟುಕೊಂಡಿರುವುದು ಒಳ್ಳೆಯದು.

ನವೆಂಬರ್ 4, ಶನಿವಾರ

ಆರನೇ ಪಂದ್ಯಕ್ಕೆ ಮತ್ತೆ ಅದೇ ಅಂಗಡಿ. ಯಜಮಾನ ಅಮ್ಮನ ಮೂಲೆಯನ್ನು ಆಗಲೇ ತೊಳೆದಿಟ್ಟಿದ್ದ.

ಓರಿಕ್ಸಿನ ಪಿಚರ್ ಯೊಶಿನೊಬು ಯಮಾಮೊಟೊ. ಮೊದಲ ಪಂದ್ಯದಲ್ಲಿ ಏಳು ರನ್ ಕೊಟ್ಟು ತಲೆ ತಗ್ಗಿಸಿ ಹೋದವನು. ಇವತ್ತು ಎರಡನೇ ಇನ್ನಿಂಗ್ಸಿನಲ್ಲಿ ಶೆಲ್ಡನ್ ನಾಯ್ಸಿ ಹೋಮ್ ರನ್ ಹೊಡೆದಾಗ ಅಂಗಡಿ ಕುಣಿಯಿತು. ಆಮೇಲೆ ಅಷ್ಟೇ. ಒಂಬತ್ತು ಇನ್ನಿಂಗ್ಸೂ ಅವನೊಬ್ಬನೇ ಎಸೆದ. 138 ಚೆಂಡು, 14 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್), ಅದು ಜಪಾನ್ ಸರಣಿಯ ಒಂದು ಪಂದ್ಯದ ದಾಖಲೆ. 5–1. ಕಡೆಗೆ ಯಜಮಾನನೇ ಚಪ್ಪಾಳೆ ತಟ್ಟಿದ, ಸೌಟು ಕೈಯಲ್ಲಿ ಹಿಡಿದುಕೊಂಡೇ.

ಮೂಲೆಯಲ್ಲಿ ಒಬ್ಬ ವಯಸ್ಸಾದವರು ಒಬ್ಬರೇ ಕೂತಿದ್ದರು. ಪ್ರತಿ ಸ್ಟ್ರೈಕ್‌ಔಟಿಗೂ ಬಿಯರ್ ಲೋಟದ ಹಿಂದೆ ಸಣ್ಣಗೆ ನಗುತ್ತಿದ್ದರು. ಹುಲಿಗಳ ಗುಹೆಯಲ್ಲಿ ಒಬ್ಬ ಓರಿಕ್ಸ್ ಅಭಿಮಾನಿ! ತಮ್ಮ ಮಾತಿಗೆಳೆದ. ಅವರು ಓರಿಕ್ಸಿನವರೂ ಅಲ್ಲ, ಹಂಕ್ಯೂ ಬ್ರೇವ್ಸ್‌ನವರು. ಹಂಕ್ಯೂ ರೈಲು ಕಂಪನಿಯ ತಂಡ, ಇದೇ ನಿಶಿನೊಮಿಯಾದಲ್ಲಿ ಕ್ರೀಡಾಂಗಣ. 1988ರಲ್ಲಿ ಕಂಪನಿ ತಂಡವನ್ನು ಮಾರಿತು. ಕೊಂಡವರು ಅದಕ್ಕೆ ಓರಿಕ್ಸ್ ಅಂತ ಹೆಸರಿಟ್ಟು ಕೋಬೆಗೆ ಒಯ್ದರು, ಇನ್ನೊಂದು ತಂಡದ ಜೊತೆ ಬೆರೆಸಿದರು, ಒಸಾಕಾಕ್ಕೆ ತಂದರು. ಕ್ರೀಡಾಂಗಣ ಇದ್ದ ಜಾಗದಲ್ಲಿ ಈಗ ಮಾಲ್. ನಾವು ಮೊನ್ನೆ ಮೊಮ್ಮಗಳಿಗೆ ಶೂ ಕೊಂಡಿದ್ದು ಅಲ್ಲೇ.

“ಹೆಸರು ಹೋಯಿತು, ಊರು ಹೋಯಿತು, ಬಣ್ಣ ಹೋಯಿತು. ಮತ್ಯಾಕೆ ನೋಡ್ತೀರಿ?” ಅಂತ ಕೇಳಿಸಿದೆ. ಅವರು ಸ್ವಲ್ಪ ಯೋಚಿಸಿದರು. ಮಗಳನ್ನು ಮದುವೆ ಮಾಡಿ ಕೊಟ್ಟ ಮೇಲೆ ಹೆಸರು ಬದಲಾಗುತ್ತೆ, ಊರು ಬದಲಾಗುತ್ತೆ, ಅಂತ ಅಂದರು. ತಮ್ಮ ಅನುವಾದಿಸಿದ ಮೇಲೆ ಅಮ್ಮ ಅವರ ತಟ್ಟೆಗೂ ಚಟ್ನಿಪುಡಿ ಹಾಕಿದಳು.

ನವೆಂಬರ್ 5, ಭಾನುವಾರ

ವಿರಾಟ್ ಕೊಹ್ಲಿ ಹುಟ್ಟುಹಬ್ಬ. ಭಾರತ–ದಕ್ಷಿಣ ಆಫ್ರಿಕಾ ಪಂದ್ಯ ಕೋಲ್ಕತ್ತಾದಲ್ಲಿ, ಏಳನೇ ಪಂದ್ಯ ಒಸಾಕಾದ ಕ್ಯೋಸೆರಾ ಡೋಮಿನಲ್ಲಿ. ಹಗಲೆಲ್ಲ ಬೀದಿಯಲ್ಲಿ ಯಾರೂ ಆಟದ ಮಾತೇ ಆಡಲಿಲ್ಲ. ತರಕಾರಿಯವನು ಬರೀ ಮೂಲಂಗಿ ವಿಷಯ ಹೇಳಿದ.

ನಾಲ್ಕನೇ ಇನ್ನಿಂಗ್ಸಿನಲ್ಲಿ ನಾಯ್ಸಿ ಹೊಡೆದ ಚೆಂಡು ಎಡಗಡೆ ಮೇಲೆ ಹೋಗಿ ಹೋಗಿ ಪ್ರೇಕ್ಷಕರೊಳಗೆ ಬಿತ್ತು. ಮೂರು ರನ್. ಮುಂದಿನ ಇನ್ನಿಂಗ್ಸಿನಲ್ಲಿ ಇನ್ನೂ ಮೂರು. ಅಂಗಡಿಯಲ್ಲಿ ಅರ್ಧ ಜನ ನಿಂತಿದ್ದರು, ಆದರೂ ಯಾರೂ ‘ಗೆದ್ದೆವು’ ಅನ್ನಲಿಲ್ಲ. ಇವರ ಭಯಕ್ಕೆ ಕಾರಣ ಇದೆ. 2005ರ ಜಪಾನ್ ಸರಣಿಯಲ್ಲಿ ಇದೇ ಒಕಾಡಾ ಕೈಕೆಳಗೆ ನಾಲ್ಕಕ್ಕೆ ನಾಲ್ಕೂ ಸೋತಿದ್ದರು, ಒಟ್ಟು ರನ್ 33–4. ಆ ಎರಡು ಸಂಖ್ಯೆ ಇಂದಿಗೂ ಬೈಗುಳ ಇದ್ದ ಹಾಗೆ. ನನ್ನ ಫೋನು ಟಿಂಗ್ ಅಂತು. ಕೊಹ್ಲಿ 49ನೇ ಏಕದಿನ ಶತಕ, ತೆಂಡೂಲ್ಕರ್ ಸರಿಸಮ. ನಾನೊಬ್ಬನೇ ಕುರ್ಚಿಯಿಂದ ಹಾರಿದೆ. ಓರಿಕ್ಸ್ ಬ್ಯಾಟ್ ಮಾಡುತ್ತಿದ್ದ ಹೊತ್ತು ಅದು. ಎಲ್ಲರೂ ತಿರುಗಿ ನೋಡಿದ ನೋಟ ಮರೆಯುವುದಿಲ್ಲ.

ಕೊನೆಯ ಕ್ಯಾಚು ಎಡಗಡೆ. 7–1. 38 ವರ್ಷ. ಆಟಗಾರರು ಒಕಾಡಾ ಅವರನ್ನು ಗಾಳಿಗೆ ಎಸೆದು ಹಿಡಿದರು. 1985ರ ತಂಡದಲ್ಲಿ ಎರಡನೇ ಬೇಸಿನಲ್ಲಿ ಆಡಿದ್ದವರು ಅವರು. ಸರಣಿಯ ಶ್ರೇಷ್ಠ ಆಟಗಾರ ಚಿಕಾಮೊಟೊ. ನನಗೆ ಈರುಳ್ಳಿ ಅಂಗಡಿ ನೆನಪಾಯಿತು. ನಮ್ಮ ಯಜಮಾನ ಮಾತ್ರ ಕೂಗಲಿಲ್ಲ. ಒಲೆ ಆರಿಸಿದ, ಏಪ್ರನ್ ಬಿಚ್ಚಿದ, ಒಳಗೆ ಹೋದ. ಗೋಡೆಯಾಚೆಯಿಂದ ಮೂಗು ಸೀಟುವ ಸದ್ದು.

ನಾನು, ತಮ್ಮ ನಂಬಾ ರೈಲು ಹತ್ತಿದೆವು. ಈ ಸಲ ಬೋರ್ಡು ನೋಡಿಯೇ ಹತ್ತಿದೆ. ಡೋಮ್‌ಮಾಯೆ ನಿಲ್ದಾಣದಲ್ಲಿ ಪಂದ್ಯ ಬಿಟ್ಟ ಜನ ನುಗ್ಗಿದರು. ಉಸಿರಾಡಲು ಜಾಗವಿಲ್ಲದ ಡಬ್ಬಿಯಲ್ಲಿ ಹಾಡು. ದೋತೊಂಬೊರಿಯಲ್ಲಿ ಸಾವಿರಕ್ಕೂ ಹೆಚ್ಚು ಪೊಲೀಸರು. ಸೇತುವೆ ಮೇಲೆ ನಿಲ್ಲುವ ಹಾಗಿಲ್ಲ, ಒಂದೇ ದಿಕ್ಕಿಗೆ ನಡೆಯುತ್ತಲೇ ಇರಬೇಕು. ನಿಂತರೆ ಧ್ವನಿವರ್ಧಕದಲ್ಲಿ ನಯವಾಗಿ ಗದರುತ್ತಾರೆ. ನಾವು ನಾಲ್ಕು ಸುತ್ತು ಹಾಕಿದೆವು, ದೇವರ ಪ್ರದಕ್ಷಿಣೆ ಥರ. ಮೂರನೇ ಸುತ್ತಿನಲ್ಲಿ ಕೆಳಗೆ ಧೊಪ್ ಅಂತ ಸದ್ದಾಯಿತು. ಯಾರೋ ಹಾರಿದ್ದ. ನೀರಿನಿಂದ ತಲೆ ಎತ್ತಿ ಎರಡೂ ಕೈ ಮೇಲೆ ಮಾಡಿದ, ಗ್ಲಿಕೋ ಮನುಷ್ಯನ ಹಾಗೇ. ನನಗೂ ಒಂದು ಕ್ಷಣ ಅನಿಸಿತು. ಅನಿಸಿತು ಅಷ್ಟೇ.

ನಾಲ್ಕನೇ ಸುತ್ತಿನಲ್ಲಿ ನನ್ನ ಎಡಗಾಲಿನ ಚಪ್ಪಲಿ ಜನರ ಕಾಲಡಿ ಹೋಯಿತು. ಹುಡುಕಲು ಬಗ್ಗುವ ಹಾಗಿಲ್ಲ. ಕರ್ನಲ್ ಕನ್ನಡಕದ ಜೊತೆ ನನ್ನ ಚಪ್ಪಲಿಯೂ ಒಸಾಕಾಕ್ಕೆ ಸೇರಿತು. ಒಂದು ಕಾಲಿನಲ್ಲಿ ಕಾಲುಚೀಲ, ಒಂದು ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಕೊನೆಯ ರೈಲಿನಲ್ಲಿ ನಿಶಿನೊಮಿಯಾಕ್ಕೆ ಬಂದೆ. ರೈಲಿನಲ್ಲಿ ಯಾರೂ ನೋಡಲಿಲ್ಲ, ನೋಡಿದವರು ಕೈ ಕುಲುಕಿದರು.

ಅಮ್ಮ ಎದ್ದೇ ಇದ್ದಳು. ಕಾಲು ನೋಡಿ, “ಅರೆ!” ಅಂದಳು.

ನವೆಂಬರ್ 18, ಶನಿವಾರ, ಬೆಂಗಳೂರು

ವಾಪಸ್ ಬಂದು ಹತ್ತು ದಿನದ ಮೇಲಾಯಿತು. ಚಟ್ನಿಪುಡಿ ಡಬ್ಬಿ ಅಲ್ಲೇ ಉಳಿಯಿತು, ಒಕೊನೊಮಿಯಾಕಿ ಅಂಗಡಿಯ ಸಾಸ್ ಬಾಟಲಿಗಳ ಪಕ್ಕದಲ್ಲಿ. ತಮ್ಮ ಫೋಟೋ ಕಳಿಸಿದ್ದಾನೆ, ಅರ್ಧ ಖಾಲಿ.

ನಾಳೆ ಅಹಮದಾಬಾದಿನಲ್ಲಿ ಪಂದ್ಯ. ಹತ್ತಕ್ಕೆ ಹತ್ತೂ ಗೆದ್ದು ಬಂದಿದ್ದೇವೆ. ಪಕ್ಕದ ಮನೆ ಹುಡುಗ ದೀಪಾವಳಿಯಲ್ಲಿ ಉಳಿದ ಸರಪಟಾಕಿಯನ್ನು ಬಿಸಿಲಿಗೆ ಒಣಗಿಸಲು ಹಾಕಿದ್ದಾನೆ. ಗೇಟಿನ ಹತ್ತಿರ ನಿಂತು, “ಅಂಕಲ್, ನಾಳೆ ಕಪ್...” ಅಂತ ಶುರು ಮಾಡಿದ.

ಅಮ್ಮ ಒಳಗಿನಿಂದ ಓಡಿ ಬಂದಳು.